ಥಂಡಿಗೆ ಚಿಗರಿ ಸಾಯ್ತಾವೇನು?

ಇಲ್ಲ. ಡಿಸೆಂಬರ್ ಬಂತೆಂದರೆ ಬೀದರ್ ಜಿಲ್ಲೆಯ ಔರಾದ್ ಕಡೆಯ ನಮ್ಮೂರಿಗೆ ಬರುವ ಪೇಟೆ ನೆಂಟರೆಲ್ಲ ಇದನ್ನೇ ಕೇಳುತ್ತಾರೆ: "ಪಾಪ, ಥಂಡಿಗಿ ಚಿಗರಿ ಸಾಯ್ತಾವೇನ್ರಿ?" ಚಿಗರಿ ಅಂದರೆ ಕೃಷ್ಣಮೃಗ. ಹಿಮದಲ್ಲಿ ಸಿಕ್ಕಿಕೊಂಡ ಜಿಂಕೆಯ ವಿಡಿಯೊ ಮೊಬೈಲಿನಲ್ಲಿ ನೋಡಿರುತ್ತಾರೆ. ಆ "ಪಾಪ" ಕೇಳಿದರೇ ನನಗೆ ಸಿಟ್ಟು ಬರುತ್ತದೆ.

ಹಿಮ ಬೀಳುವ ದೇಶದಲ್ಲೂ ಜಿಂಕೆಗಳನ್ನು ಹೆಚ್ಚಾಗಿ ಕೊಲ್ಲುವುದು ಹಸಿವು. ದಪ್ಪ ಕೂದಲು, ಮೈಗೆ ಕಟ್ಟಿದ ಕೊಬ್ಬು ಅವನ್ನು ಚಳಿಯಿಂದ ಕಾಯುತ್ತವೆ. ಹಿಮ ಆಳವಾದರೆ ಮೇವು ಅದರ ಕೆಳಗೆ ಹೂತುಹೋಗುತ್ತದೆ, ನಡೆಯುವುದಕ್ಕೇ ಕೊಬ್ಬು ಕರಗುತ್ತದೆ. ಮೊದಲು ಹೋಗುವವು ಮರಿಗಳು, ಅದೂ ಚಳಿಗಾಲದ ಕೊನೆಗೆ. ಅಲಾಸ್ಕಾದ ಸೇಂಟ್ ಮ್ಯಾಥ್ಯೂ ದ್ವೀಪದಲ್ಲಿ 1944ರಲ್ಲಿ 29 ಹಿಮಸಾರಂಗ ಬಿಟ್ಟರು. 1963ಕ್ಕೆ ಸುಮಾರು 6,000 ಆದವು, ಕಲ್ಲುಹೂವನ್ನೆಲ್ಲ ಮೇಯ್ದು ಮುಗಿಸಿದವು. ಮುಂದಿನ ಚಳಿಗಾಲ ಬಿರುಸಾಗಿ ಬಂತು. 1966ರಲ್ಲಿ ಎಣಿಸಿದಾಗ ಉಳಿದದ್ದು 42.

ಎಳ್ಳಮಾಸಿಗೆ ಹೊಲದಾಗ ಭಜ್ಜಿ-ರೊಟ್ಟಿ ಉಣ್ಣುವಾಗ, ಹೈದರಾಬಾದಿನಿಂದ ಬಂದ ಅಣ್ಣ ಒಬ್ಬ ಗಾಯರಾಣದಲ್ಲಿ, ಅಂದರೆ ಊರ ಗೋಮಾಳದಲ್ಲಿ, ಅರ್ಧ ಚೀಲ ಜೋಳ ಸುರಿದ. "ತಿನ್ಲಿ ಬಿಡೋ ತಮ್ಮ, ಥಂಡ್ಯಾಗ ಹೊಟ್ಟಿ ಹಸಿತದ ಅವಕ್ಕ." ನಾನು ತುತ್ತು ಬಿಟ್ಟು ಎದ್ದೆ. "ಅಣ್ಣಾ, ಮೊದಲ ಅದನ್ನ ಬಾಚಿ ಚೀಲಕ್ಕ ಹಾಕು. ಕಣದಾಗ ನುಗ್ಗಿ ಜ್ವಾಳ ತಿಂದ ಆಡು ಏನಾಗ್ತದ ಮರ್ತಿಯೇನು?" ಹೊಟ್ಟೆ ಉಬ್ಬುತ್ತದೆ, ಹಲ್ಲು ಕಡಿಯುತ್ತದೆ, ಮಲಗಿದ್ದು ಏಳುವುದಿಲ್ಲ. ಮೆಲುಕು ಹಾಕುವ ಪ್ರಾಣಿ ಒಮ್ಮೆಲೇ ಕಾಳು ತಿಂದರೆ ಅದು ಹೊಟ್ಟೆಯಲ್ಲಿ ಹುಳಿತು ಆಮ್ಲವಾಗುತ್ತದೆ. ಅಮೆರಿಕದಲ್ಲೂ ಚಳಿಗಾಲದಲ್ಲಿ ಜನ ಕರುಣೆಯಿಂದ ಹಾಕಿದ ಮೆಕ್ಕೆಜೋಳ ತಿಂದು ಜಿಂಕೆಗಳು ತುಂಬಿದ ಹೊಟ್ಟೆಯಲ್ಲೇ ಸತ್ತಿವೆ.

ಬೀದರಿನ ಥಂಡಿ ಒಮ್ಮೊಮ್ಮೆ ಒಂದಂಕಿಗೆ ಇಳಿಯುತ್ತದೆ, ನಿಜ. ಆದರೆ ಆಗ ನಮ್ಮ ಹೊಲದಲ್ಲಿ ಕಡಲೆ, ಜೋಳ ಹಸಿರಾಗಿ ನಿಂತಿರುತ್ತವೆ. ಚಿಗರಿಗೆ ಅದು ಸುಗ್ಗಿ; ರಾತ್ರಿಯಿಡೀ ಕಾವಲು ಕೂರುವ ರೈತನಿಗೆ ಸಂಕಟ. ಅವನ ಬಗ್ಗೆ ಯಾರೂ "ಪಾಪ" ಅನ್ನುವುದಿಲ್ಲ.

ಏಪ್ರಿಲ್‌ನಲ್ಲಿ ಬಂದು ಕೇಳಿ. ರಾಶಿ ಮುಗಿದಿರುತ್ತದೆ, ಹೊಲ ಬರಿದಾಗಿರುತ್ತದೆ. ಹುಲ್ಲು ಸಿಗುತ್ತಿದ್ದ ಗಾಯರಾಣದಲ್ಲಿ ಒಂದಿಷ್ಟನ್ನು ಉಳುಮೆ ನುಂಗಿದೆ, ಒಂದಿಷ್ಟನ್ನು ಪ್ಲಾಟು. ನೀರು ಹುಡುಕಿಕೊಂಡು ಊರ ಸನಿಹ ಬಂದ ಚಿಗರಿಯನ್ನು ನಾಯಿಗಳು ಅಟ್ಟುತ್ತವೆ, ಓಡುವ ಭರದಲ್ಲಿ ಅದು ತೆರೆದ ಬಾವಿಗೆ ಬೀಳುತ್ತದೆ. ಗಾಯರಾಣ ಎಷ್ಟು ಉಳಿದಿದೆ, ಕಟ್ಟೆಯಿಲ್ಲದ ಬಾವಿ ಎಲ್ಲೆಲ್ಲಿವೆ ಅಂತ ಕೇಳಿ. ಕರೆದುಕೊಂಡು ಹೋಗಿ ತೋರಿಸುತ್ತೇನೆ.