ಕಾಲೇಜಿನ ಹಿಂದಿನ ಗೇಟು ತೆರೆಯಿರಿ: ಊರಿಗೆಲ್ಲ ಉಚಿತ ಕಾರ್ನಿವಲ್ ಮಾಡಿದ ಅನುಭವ

ಚಿಕ್ಕಮಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿಯ ಕೆಲಸವೂ ನನ್ನದೇ. ನಮ್ಮ ಮೈದಾನದಲ್ಲಿ ವರ್ಷಕ್ಕೊಂದು ಭಾನುವಾರ ಊರಿನವರಿಗೆಲ್ಲ ಉಚಿತವಾಗಿ ಕಾರ್ನಿವಲ್ ಮಾಡುತ್ತೇವೆ. ಆಟ, ಕುಣಿತ, ತಿಂಡಿ ಅಂಗಡಿ, ಮಕ್ಕಳು ಮಾಡಿದ ವಿಜ್ಞಾನದ ಮಾದರಿಗಳು ಎಲ್ಲ ಇರುತ್ತವೆ. ಬೇರೆ ಕಾಲೇಜಿನ ಸ್ನೇಹಿತರು ಫೋನ್ ಮಾಡಿದರೆ ಮೊದಲು ಕೇಳೋದು ಖರ್ಚಿನ ವಿಷಯ. ಶಾಮಿಯಾನಕ್ಕೆ ಎಷ್ಟಾಯ್ತು, ಸೌಂಡ್‌ನವರಿಗೆ ಎಷ್ಟು ಕೊಟ್ರಿ, ಸ್ಪಾನ್ಸರ್ ಯಾರು ಅಂತ. ದುಡ್ಡು ಹೇಗೋ ಹೊಂದುತ್ತೆ. ಹಳೇ ವಿದ್ಯಾರ್ಥಿಗಳಿದ್ದಾರೆ, ಅವರಲ್ಲೇ ಒಬ್ಬರು ಪೆಂಡಾಲ್ ಕೆಲಸದವರು ಇರ್ತಾರೆ, ಒಬ್ಬರು ಪ್ರಿಂಟಿಂಗ್ ಪ್ರೆಸ್ ಇಟ್ಟಿರ್ತಾರೆ. ಕಷ್ಟ ಇರೋದು ಬೇರೆ ಕಡೆ. ಕಾಂಪೌಂಡಿನ ಆಚೆ ಬದುಕುವ ಜನ ಕಾಲೇಜಿನ ಒಳಗೆ ಕಾಲಿಡಬೇಕಲ್ಲ, ಅದು.

ನಮ್ಮ ಕಾಲೇಜಿನ ಹಿಂದೆ ಸಾಲು ಸಾಲು ಮನೆಗಳಿವೆ. ಕೂಲಿ ಮಾಡುವವರು, ಆಟೋ ಓಡಿಸುವವರು, ಪೇಟೆಯ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಇರುವ ಮನೆಗಳು. ಅಲ್ಲಿನವರಲ್ಲಿ ಬಹಳ ಜನ ನಮ್ಮ ಕ್ಯಾಂಪಸ್ಸನ್ನು ಒಳಗಿಂದ ನೋಡಿಯೇ ಇರಲಿಲ್ಲ. ವಾರ್ಷಿಕೋತ್ಸವ ಬಂದಾಗಲೆಲ್ಲ "ಸರ್ವರಿಗೂ ಆದರದ ಸ್ವಾಗತ" ಅಂತ ಬ್ಯಾನರ್ ಕಟ್ಟುತ್ತಿದ್ದೆವು, ಅವರು ಬರುತ್ತಿರಲಿಲ್ಲ. ಯಾಕೆ ಬರ್ತಾರೆ ಹೇಳಿ? ದೊಡ್ಡ ಗೇಟು, ಪಕ್ಕದಲ್ಲಿ ಸೆಕ್ಯುರಿಟಿ ಕ್ಯಾಬಿನ್, ಅಲ್ಲಿ ಕೂತವರು ತಮ್ಮ ಕೆಲಸ ತಾವು ಮಾಡ್ತಾ "ಯಾರನ್ನ ನೋಡಬೇಕಿತ್ತು?" ಅಂತ ಕೇಳ್ತಾರೆ. ಒಳಗೆ ಮಗನೋ ಮಗಳೋ ಓದುತ್ತಿಲ್ಲ ಅಂದ್ರೆ ಆ ಪ್ರಶ್ನೆಗೆ ಏನು ಉತ್ತರ ಕೊಡೋದು? ಉಚಿತ ಅಂದ ಮಾತ್ರಕ್ಕೆ ಜನ ಬರಲ್ಲ. ಇದು ನಮ್ಮ ಜಾಗ ಅಲ್ಲ ಅನ್ನೋ ಸಂಕೋಚ ಟಿಕೆಟ್ಟಿಗಿಂತ ಜಾಸ್ತಿ ತಡೆಯುತ್ತೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ಪ್ರಿನ್ಸಿಪಾಲರ ಹತ್ತಿರ ಕೇಳಿದ್ದು ಹಿಂದಿನ ಗೇಟಿನ ಬೀಗದ ಕೈ. ಮನೆಗಳ ಕಡೆಗೆ ಇರುವ ಸಣ್ಣ ಕಬ್ಬಿಣದ ಗೇಟು ಅದು. ಸಾಮಾನು ಬಂದಾಗ ಬಿಟ್ಟರೆ ತೆಗೆಯುತ್ತಿರಲಿಲ್ಲ. ತುಕ್ಕು ಉಜ್ಜಿ, ಮುಂದಿನ ಗಿಡಗಂಟಿ ಕಡಿದು, ಬಲ್ಬು ಹಾಕಿ, ಮಾವಿನ ತೋರಣ ಕಟ್ಟಿದೆವು. ಅಲ್ಲಿ ಯೂನಿಫಾರ್ಮಿನವರು ಬೇಡ ಅಂತ ಅದೇ ಬೀದಿಯಿಂದ ನಮ್ಮ ಕಾಲೇಜಿಗೆ ಬರುವ ಇಬ್ಬರು ಹುಡುಗಿಯರನ್ನು ನಿಲ್ಲಿಸಿದೆವು. ಸಂಜೆ ನಾನೇ ನೋಡಿದೆ. ಸೊಂಟದಲ್ಲಿ ಮಗು ಎತ್ತಿಕೊಂಡ ಒಬ್ಬಾಕೆ ಆಚೆ ಬದಿಯ ಚರಂಡಿ ಕಲ್ಲಿನ ಮೇಲೆ ನಿಂತು ಒಳಗೆ ಇಣುಕುತ್ತಿದ್ದಳು. "ಏನಾದ್ರೂ ಕೊಡ್ಬೇಕಾ?" ಅಂತ ಕೇಳಿದಳು. "ಏನೂ ಬೇಡ ಬನ್ನಿ ಅಕ್ಕಾ, ನಿಮ್ಮತ್ತೆನೂ ಒಳಗೇ ಇದ್ದಾರೆ" ಅಂದಳು ಹುಡುಗಿ. ಆಕೆ ಒಳಗೆ ಬಂದಿದ್ದು ಆ ಎರಡನೇ ಮಾತಿಗೆ.

ಅತ್ತೆ ಒಳಗೆ ಏನು ಮಾಡ್ತಿದ್ರು ಅನ್ನೋದೇ ಮುಖ್ಯ. ಊರಿನವರನ್ನು ಕರೆದು ಕುರ್ಚಿ ಮೇಲೆ ಕೂರಿಸಿ, ನಮ್ಮ ಮಕ್ಕಳ ಡ್ಯಾನ್ಸ್ ನೋಡಿ ಚಪ್ಪಾಳೆ ತಟ್ಟಿ ಅಂದ್ರೆ ಅರ್ಧ ಗಂಟೆ ಕೂತು ಎದ್ದು ಹೋಗ್ತಾರೆ. ಅವರ ಕೈಗೆ ಒಂದು ಕೆಲಸ ಕೊಡಬೇಕು. ನಮ್ಮಲ್ಲಿ ಅಳಗುಳಿಮಣೆ, ಚೌಕಾಬಾರ, ಲಗೋರಿ, ಬುಗುರಿ ಆಡಿಸುವ ಒಂದು ಮೂಲೆ ಇದೆ. ಆಡಿಸುವವರು ಕಾಲೇಜಿನವರಲ್ಲ, ಬೀದಿಯ ಅಜ್ಜಿ-ತಾತಂದಿರು. ಆ ಅತ್ತೆ ಚಾಪೆ ಮೇಲೆ ಕಾಲು ಮಡಚಿ ಕೂತು, ಮಣೆಯ ಹದಿನಾಲ್ಕು ಗುಳಿಗೂ ಹುಣಸೆಬೀಜ ತುಂಬಿ, ಎದುರಿಗೆ ಬಿ.ಕಾಂ. ಹುಡುಗನನ್ನು ಕೂರಿಸಿಕೊಂಡಿದ್ದರು. ಅವನು ಬೀಜ ಹಂಚುವಾಗ ಎರಡು ಬೀಜ ಒಂದೇ ಗುಳಿಗೆ ಬಿತ್ತು. ಅವರು ಮಾತಾಡದೆ ಅವನ ಮಣಿಕಟ್ಟು ಹಿಡಿದು, ಕೈ ಹಿಂದಕ್ಕೆ ತಂದು, ಮತ್ತೆ ಮೊದಲಿಂದ ಹಂಚಿಸಿದರು. ಸುತ್ತ ನಿಂತ ಹುಡುಗರು "ಅಜ್ಜಿ, ಮುಂದಿನ ಆಟ ನಂದು" ಅಂತ ಪಾಳಿ ಹಚ್ಚಿದ್ದರು. ಎಂಟು ಗಂಟೆಗೆ ಲೈಟ್ ಆರಿಸ್ತೀವಿ ಅಂದಾಗಲೂ ಆ ಮೂಲೆಯವರು ಏಳಲಿಲ್ಲ.

ಕಾಫಿ ಮೇಜಿನ ಕಥೆಯೂ ಇದೇ ಥರ. ಬಾಬಾಬುಡನ್‌ಗಿರಿ ತಪ್ಪಲಿನ ಊರು ನಮ್ಮದು, ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಆದರೂ ಪೇಟೆಯಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಅರೇಬಿಕಾ ಯಾವುದು, ರೋಬಸ್ಟಾ ಯಾವುದು ಅಂತ ಗೊತ್ತಿಲ್ಲ. ಸಸ್ಯಶಾಸ್ತ್ರದವರು ಎರಡೂ ಥರದ ರೆಂಬೆ ತಂದಿಟ್ಟರು. ಹೇಳೋಕೆ ಕರೆದದ್ದು ಆಲ್ದೂರು ಕಡೆಯ ಎಸ್ಟೇಟಿನ ಲೈನ್‌ಮನೆಯಿಂದ, ಅಂದ್ರೆ ತೋಟದ ಕೆಲಸಗಾರರ ಸಾಲುಮನೆಯಿಂದ ಬಂದ ಒಬ್ಬ ಅಮ್ಮನನ್ನು. ಅವರ ಮಗಳು ನಮ್ಮಲ್ಲಿ ಓದುತ್ತಾಳೆ. ಮೈಕ್ ಬೇಡ ಅಂದರು. ರೆಂಬೆ ಕೈಗೆತ್ತಿಕೊಂಡು ಹಣ್ಣನ್ನು ಹೆಬ್ಬೆರಳಲ್ಲಿ ಹೇಗೆ ತಿರುಗಿಸಿ ಬಿಡಿಸಬೇಕು, ಗಂಟಿಗೆ ಪೆಟ್ಟಾದರೆ ಬರುವ ವರ್ಷದ ಹೂವಿಗೆ ಹೇಗೆ ಕುತ್ತು ಅಂತ ತೋರಿಸಿದರು. ಮೇಷ್ಟ್ರುಗಳೂ ನಿಂತು ಕೇಳಿದರು. ಮಗಳು ಆ ದಿನ ಅಮ್ಮನ ಪಕ್ಕದಿಂದ ಕದಲಲಿಲ್ಲ. ಇಷ್ಟು ವರ್ಷ ಮಾಸ್ತರಿಕೆ ಮಾಡಿದ್ದೇನೆ, ಒಬ್ಬ ವಿದ್ಯಾರ್ಥಿನಿಯ ಮುಖದಲ್ಲಿ ಅಂಥ ಹೆಮ್ಮೆ ನೋಡಿದ್ದು ಕಡಿಮೆ.

ಕರೆಯೋದು ಹೇಗೆ? ಪೋಸ್ಟರ್, ವಾಟ್ಸಾಪ್ ಸಾಲದು. ವಾಲಂಟಿಯರ್‌ಗಳು ಮನೆಮನೆಗೆ ಹೋಗಬೇಕು, ಅದೂ "ಬನ್ನಿ" ಅನ್ನೋಕೆ ಮಾತ್ರ ಅಲ್ಲ, "ನೀವು ಏನು ಮಾಡಿಕೊಡ್ತೀರಾ" ಅಂತ ಕೇಳೋಕೆ. ನಮ್ಮೂರಲ್ಲಿ ಕನ್ನಡದ ಜೊತೆ ಉರ್ದು, ತುಳು, ತಮಿಳು, ಲಂಬಾಣಿ, ಕೊಂಕಣಿ, ಮಲಯಾಳ ಎಲ್ಲ ಕೇಳುತ್ತೆ. ಆಟೋದಲ್ಲಿ ಮೈಕ್ ಕಟ್ಟಿ ಹೊರಟಾಗ ಆ ಭಾಷೆಯ ಮಕ್ಕಳ ಕೈಲೇ ಎರಡೆರಡು ಸಾಲು ಹೇಳಿಸಿದೆವು. ಎನ್‌ಎಸ್‌ಎಸ್ ಮಕ್ಕಳು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ಎರಡು ವರ್ಷಕ್ಕೆ 240. ಆ ಗಂಟೆಗಳನ್ನು ಹೀಗೆ ಮನೆ ಬಾಗಿಲಲ್ಲಿ ನಿಂತು ಕಳೆದರೆ ಕಲಿಯೋದು ಬಹಳ ಇದೆ.

ಇನ್ನು ದಿನ ಗೊತ್ತು ಮಾಡೋದು. ಮಲೆನಾಡಿನ ಅಂಚಲ್ಲಿ ಬಯಲು ಕಾರ್ಯಕ್ರಮ ಅಂದ್ರೆ ಮಳೆಗಾಲ ದಾಟಲೇಬೇಕು. ಮಾರ್ಚ್ ಬಂತು ಅಂದ್ರೆ ಪರೀಕ್ಷೆ, ಮಕ್ಕಳಿರುವ ಮನೆಯ ಪಕ್ಕ ಮೈಕ್ ಹಾಕೋದು ತಪ್ಪು, ಕಾಫಿ ಹೂ ಅರಳಿಸುವ ಹೂಮಳೆಯೂ ಯಾವಾಗ ಬೇಕಾದ್ರೂ ಬರಬಹುದು. ಜನವರಿ ಕೊನೆಯ ಅಥವಾ ಫೆಬ್ರವರಿ ಮೊದಲ ಭಾನುವಾರ ನಮಗೆ ಸರಿಹೋಗಿದೆ. ಭಾನುವಾರ ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗರ ವಾಹನ ಜಾಸ್ತಿ, ಆದ್ದರಿಂದ ಪಾರ್ಕಿಂಗ್ ರಸ್ತೆ ಮೇಲೆ ಬರದ ಹಾಗೆ ಒಳಗೇ ಜಾಗ ಮಾಡಬೇಕು. ಮೂರು ಗಂಟೆಗೆ ಶುರು ಮಾಡಿ, ಎಂಟರ ಒಳಗೆ ಮುಗಿಸಿ. ಚಳಿ ಒಂದು ಕಾರಣ, ಕೊನೇ ಬಸ್ಸು ಇನ್ನೊಂದು. ಮಲ್ಲಂದೂರು, ಆಲ್ದೂರು, ಸಖರಾಯಪಟ್ಟಣ ಕಡೆ ಹೋಗುವವರು ಬಸ್ ತಪ್ಪಿಸಿಕೊಂಡರೆ ಮುಂದಿನ ವರ್ಷ ಖಂಡಿತ ಬರಲ್ಲ. ಬಸ್ಸಿನ ಸಮಯ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಡಿ, ಹೊರಡೋಕೆ ಕಾಲು ಗಂಟೆ ಮುಂಚೆ ಮೈಕಲ್ಲಿ ಕೂಗಿ.

ಅನುಮತಿ ವಿಷಯಕ್ಕೆ ಬಂದರೆ, ಕಾಲೇಜಿನ ಜಾಗ ನಮ್ಮದೇ ಅಂತ ಸುಮ್ನೆ ಇರೋ ಹಾಗಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆ, ಕೋರ್ಟು, ಶಾಲಾ-ಕಾಲೇಜುಗಳ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಪೊಲೀಸ್ ಠಾಣೆಗೆ, ನಗರಸಭೆಗೆ, ಕರೆಂಟಿನ ಮೆಸ್ಕಾಂಗೆ, ಅಗ್ನಿಶಾಮಕದವರಿಗೆ ಪ್ರಿನ್ಸಿಪಾಲರ ಸಹಿ ಇರುವ ಪತ್ರ ಮುಂಚೆಯೇ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. ಒಲೆ ಹಚ್ಚುವ ಅಂಗಡಿಗಳೆಲ್ಲ ಒಂದೇ ಸಾಲಲ್ಲಿ, ಶಾಮಿಯಾನದ ಬಟ್ಟೆಯಿಂದ ದೂರ, ಪಕ್ಕದಲ್ಲಿ ಮರಳಿನ ಬಕೆಟ್. ಜನರೇಟರ್ ಕೇಬಲ್ಲು ಮಕ್ಕಳು ಓಡಾಡುವ ದಾರಿಗೆ ಅಡ್ಡ ಬರಲೇಬಾರದು. ಮೈದಾನಕ್ಕೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಟ್ಯಾಂಕರ್ ನೀರು ಚಿಮುಕಿಸಿ, ಇಲ್ಲಾಂದ್ರೆ ಕೆಂಪು ಧೂಳು ತಿಂಡಿ ಮೇಲೆಲ್ಲ ಕೂರುತ್ತೆ.

ನೂಕುನುಗ್ಗಲಿನ ಬಗ್ಗೆ ಗಟ್ಟಿಯಾಗಿ ಹೇಳಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರು. ಒಳಗೆ ಹೋಗೋದು ಉಚಿತವಾ, ಪಾಸ್ ಬೇಕಾ ಅಂತ ಗೇಟಿನ ಮುಂದೆ ನಿಂತ ಜನಕ್ಕೆ ಸ್ಪಷ್ಟ ಇರಲಿಲ್ಲ. ನಮ್ಮದು ಸಣ್ಣ ಕಾರ್ಯಕ್ರಮ ನಿಜ, ಆದರೆ ಮಕ್ಕಳು ಬರುವ ಜಾಗ. ಎರಡು ಗೇಟೂ ಕೊನೆತನಕ ತೆರೆದೇ ಇರಬೇಕು, ಬೀಗದ ಕೈ ಹಿಡಿದವರು ಗೇಟಿನ ಪಕ್ಕದಲ್ಲೇ ಇರಬೇಕು. "ಮೊದಲು ಬಂದವರಿಗೆ ಉಡುಗೊರೆ" ಅಂತ ಯಾವತ್ತೂ ಕೂಗಬೇಡಿ, ಒಂದೇ ಜಾಗಕ್ಕೆ ಜನ ಓಡೋ ಹಾಗೆ ಮಾಡೋದು ಆ ಒಂದು ಸಾಲು. ಬಹುಮಾನ ಕೊಡೋದಿದ್ರೆ ಆಟದ ಮೂಲೆಗಳಲ್ಲೇ ಹಂಚಿ.

ಮಕ್ಕಳು ತಪ್ಪಿಸಿಕೊಳ್ಳೋದು ಇದ್ದದ್ದೇ. ಒಳಗೆ ಬರುವಾಗಲೇ ಸಣ್ಣ ಮಕ್ಕಳ ಕೈಗೆ ರಿಬ್ಬನ್ ಕಟ್ಟಿ, ಒಳಮಗ್ಗುಲಲ್ಲಿ ಮನೆಯವರ ಫೋನ್ ನಂಬರ್ ಬರೆಯುತ್ತೇವೆ. ಮಗು ಸಿಕ್ಕಿದರೆ ಅದರ ಹೆಸರು, ಅಂಗಿ ಬಣ್ಣ ಮೈಕಲ್ಲಿ ಹೇಳಲ್ಲ. ಕೇಳಿದ ಯಾರು ಬೇಕಾದ್ರೂ ಬಂದು ನನ್ನ ಮಗು ಅನ್ನಬಹುದಲ್ವಾ? "ಮಗುವನ್ನು ಹುಡುಕುತ್ತಿರುವವರು ಧ್ವಜಕಂಬದ ಹತ್ತಿರದ ಮೇಜಿಗೆ ಬನ್ನಿ" ಅಷ್ಟೇ. ಬಂದವರೇ ಗುರುತು ಹೇಳಬೇಕು.

ತಿಂಡಿಗೆ ದುಡ್ಡು ಇದೆ, ಅದು ಉಚಿತ ಅಲ್ಲ. ಅಕ್ಕಿರೊಟ್ಟಿ, ಕಡುಬು, ಚುರುಮುರಿ ಮಾಡುವ ಸ್ವಸಹಾಯ ಸಂಘದ ಹೆಂಗಸರಿಗೆ ಬಾಡಿಗೆ ಇಲ್ಲದೆ ಜಾಗ ಕೊಡುತ್ತೇವೆ, ಬೆಲೆ ಮಾತ್ರ ಮೊದಲೇ ಒಪ್ಪಿ ಬೋರ್ಡ್ ಹಾಕಬೇಕು. ಬಂದ ಲಾಭ ಅವರದ್ದೇ. ಕುಡಿಯುವ ನೀರು ಮಾತ್ರ ಎಲ್ಲ ಮೂಲೆಯಲ್ಲೂ ಉಚಿತ. ಪ್ಲಾಸ್ಟಿಕ್ ತಟ್ಟೆ-ಲೋಟ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಅಡಿಕೆ ಹಾಳೆ ತಟ್ಟೆ ಇಲ್ಲೇ ಸಿಗುತ್ತೆ, ಕಾಫಿಗೆ ಹಾಸ್ಟೆಲಿನ ಸ್ಟೀಲ್ ಲೋಟ ಬಳಸಿದೆವು, ತೊಳೆಯುವ ಪಾಳಿಯಲ್ಲಿ ಹುಡುಗರೂ ಇದ್ದರು. ಶೌಚಾಲಯ ಮರೆಯಬೇಡಿ. ಬಾಗಿಲಿಗೆ ಚಿಲಕ, ಒಳಗೆ ಲೈಟು, ಬಕೆಟ್ಟು, ಸೋಪು ಇದೆಯಾ ಅಂತ ಹಿಂದಿನ ದಿನವೇ ಯಾರಾದರೂ ಟೀಚರ್ ಹೋಗಿ ನೋಡಿ ಬರಬೇಕು. ಬೇರೆಲ್ಲ ಚೆನ್ನಾಗಿದ್ದು ಇದು ಸರಿ ಇಲ್ಲ ಅಂದ್ರೆ ಹೆಂಗಸರು ಬಂದ ಒಂದು ಗಂಟೆಯೊಳಗೆ ಹೊರಟುಬಿಡ್ತಾರೆ.

ವೇದಿಕೆ ಕಾರ್ಯಕ್ರಮ ಆದಷ್ಟು ಚಿಕ್ಕದಿರಲಿ. ನಮ್ಮ ಕಡೆ ಹಾರ, ಶಾಲು, ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ನುಡಿ ಅಂತ ಸಂಜೆಯೇ ಕಳೆದುಹೋಗುತ್ತೆ. ಅತಿಥಿಗಳಿಗೆ ಮೊದಲೇ ವಿನಯದಿಂದ ಹೇಳಿದ್ದೆವು, ಭಾಷಣ ಇಲ್ಲ, ನಮ್ಮ ಜೊತೆ ಮೈದಾನ ಸುತ್ತಿ ಅಂತ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಕಡೂರು ಕಡೆಯ ವೀರಗಾಸೆ ತಂಡ ಹಿಂದಿನ ಗೇಟಿಂದಲೇ ಕುಣಿಯುತ್ತಾ ಒಳಗೆ ಬಂತು, ಅದರ ಹಿಂದೆ ಇಡೀ ಬೀದಿ ಬಂತು.

ರಾತ್ರಿ ಕಸ ಗುಡಿಸುವವರು ಯಾರು ಅನ್ನೋದನ್ನು ಮೊದಲ ಮೀಟಿಂಗಿನಲ್ಲೇ ತೀರ್ಮಾನಿಸಿ. ಪೌರಕಾರ್ಮಿಕರ ಕುಟುಂಬಗಳನ್ನು ಅತಿಥಿಗಳಾಗಿ ಕರೆದು, ಅವರ ಕೈಗೇ ಪೊರಕೆ ಕೊಡೋದು ಸಾಧ್ಯವೇ ಇಲ್ಲ. ನಮ್ಮಲ್ಲಿ ಮೇಷ್ಟ್ರು, ಮಕ್ಕಳು ಸೇರಿ ಗುಡಿಸುತ್ತೇವೆ. ವಾಲಂಟಿಯರ್‌ಗಳನ್ನು ಎರಡೆರಡು ಗಂಟೆಯ ಪಾಳಿಯಲ್ಲಿ ಹಾಕಿ, ಅವರೂ ಆಟ ಆಡಲಿ, ಆಗ ರಾತ್ರಿ ಕೆಲಸಕ್ಕೂ ಹುರುಪು ಉಳಿದಿರುತ್ತೆ.

ಈ ಸಲ ಆಟೋ ಸ್ಟ್ಯಾಂಡಿನವರು ತಾವೇ ಬಂದು ಹಗ್ಗಜಗ್ಗಾಟದ ಜವಾಬ್ದಾರಿ ಕೇಳಿದ್ದಾರೆ. ಹಿಂದಿನ ಗೇಟನ್ನು ವರ್ಷವಿಡೀ ಸಂಜೆ ಒಂದು ಗಂಟೆ ತೆರೆದಿಟ್ಟು, ಬೀದಿಯ ಮಕ್ಕಳಿಗೆ ಮೈದಾನ ಬಿಡಬೇಕು ಅಂತ ಆಡಳಿತ ಮಂಡಳಿಗೆ ಪತ್ರ ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಕಾಲೇಜಿನಲ್ಲಿ ಮಾಡೋದಿದ್ರೆ ಠಾಣೆಗೆ, ಮೆಸ್ಕಾಂಗೆ, ಅಗ್ನಿಶಾಮಕಕ್ಕೆ ಕೊಟ್ಟ ಅರ್ಜಿಗಳ ನಮೂನೆ ನನ್ನ ಹತ್ತಿರ ಇವೆ. ಕೇಳಿ, ಕಳಿಸ್ತೀನಿ.