ಎದುರಾಳಿಯ ಪಕ್ಕದ ಬೆಂಚು

ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯಲ್ಲಿ ಹೈಸ್ಕೂಲು ಓದಿ, ಈಗ ಸರಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನನ್ನಿಂದ ಸಂಪಾದಕರು ಲೇಖನ ಕೇಳಿದಾಗ, ಆಟದ ಮೈದಾನದ ನೆನಪುಗಳನ್ನೂ ಗೆದ್ದ ಕಪ್ಪುಗಳ ಕಥೆಯನ್ನೂ ನಿರೀಕ್ಷಿಸಿದ್ದಿರಬಹುದು. ಆದರೆ ನಾನು ಇಂದು ಮಕ್ಕಳಿಗೆ ಕಲಿಸುವ ರೀತಿಯ ಬೇರನ್ನು ಹುಡುಕುತ್ತ ಹೋದರೆ ಅದು ಸಿಗುವುದು ಅಲ್ಲಿನ ಒಂದು ತರಗತಿಯ ಕೋಣೆಯಲ್ಲಿ.

ನಮ್ಮ ತರಗತಿಯ ಶಿಕ್ಷಕರು ಹುಡುಗರನ್ನು ಎತ್ತರದ ಪ್ರಕಾರವಾಗಲೀ ಹೆಸರಿನ ಅಕ್ಷರದ ಪ್ರಕಾರವಾಗಲೀ ಕೂರಿಸುತ್ತಿರಲಿಲ್ಲ. ಹೆಚ್ಚುಕಡಿಮೆ ಒಂದೇ ಅಂಕ ಪಡೆಯುವ ಇಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿ, ಆ ವರ್ಷವಿಡೀ ಅವರಿಬ್ಬರನ್ನು ಎದುರಾಳಿಗಳೆಂದು ಕರೆಯುತ್ತಿದ್ದರು. ಒಬ್ಬ ಎದ್ದು ಪದ್ಯ ಒಪ್ಪಿಸುವಾಗಲೋ ಬಾಯಿಲೆಕ್ಕ ಬಿಡಿಸುವಾಗಲೋ ತಪ್ಪಿದರೆ, ತರಗತಿಯ ಉಳಿದವರೆಲ್ಲ ಸುಮ್ಮನಿರಬೇಕು. ತಿದ್ದುವ ಹಕ್ಕು ಅವನ ಜೊತೆಗಾರನಿಗೆ ಮಾತ್ರ. ತಪ್ಪು ಹಿಡಿದವನಿಗೆ ಸರಿಯಾದುದು ಏನೆಂದು ಹೇಳಲು ಬಾರದಿದ್ದರೆ ಅವನ ಅಂಕವೂ ಹೋಗುತ್ತಿತ್ತು. ನನ್ನ ಪಕ್ಕದಲ್ಲಿದ್ದವನು ಬ್ಯಾರಿ ಹುಡುಗ, ಲೆಕ್ಕದಲ್ಲಿ ನನಗಿಂತ ಚುರುಕು, ಕನ್ನಡ ಪದ್ಯದಲ್ಲಿ ನಾನು ಅವನಿಗಿಂತ ಮುಂದು. ಪರೀಕ್ಷೆ ಹತ್ತಿರ ಬಂದಾಗ ಅವನು ನನಗೆ ಬೀಜಗಣಿತ ಹೇಳಿಕೊಡುತ್ತಿದ್ದುದು ಸ್ನೇಹದಿಂದ ಎನ್ನುವುದಕ್ಕಿಂತ ಸ್ವಾರ್ಥದಿಂದ. ನಾನು ತೀರ ಹಿಂದುಳಿದರೆ ಅವನಿಗೆ ಹೊಸ ಎದುರಾಳಿ ಸಿಗುತ್ತಾನೆ, ಆ ಹೊಸಬ ತನ್ನನ್ನು ಸೋಲಿಸಬಹುದು ಎಂಬ ಲೆಕ್ಕಾಚಾರ. ಇಂಥ ಸ್ವಾರ್ಥದ ಮೇಲೆ ನನಗೆ ಇಂದಿಗೂ ಗೌರವವಿದೆ.

ಇದನ್ನು ಆ ಶಿಕ್ಷಕರ ಸ್ವಂತ ಉಪಾಯವೆಂದೇ ನಾವು ಭಾವಿಸಿದ್ದೆವು. ತರಬೇತಿಯ ಬಗ್ಗೆ ಓದತೊಡಗಿದ ಮೇಲೆ ತಿಳಿದದ್ದು, ಇದರ ವಯಸ್ಸು ನಾಲ್ಕು ಶತಮಾನಕ್ಕೂ ಮಿಕ್ಕಿದ್ದು ಎಂದು. 1540ರಲ್ಲಿ ಮಾನ್ಯತೆ ಪಡೆದ ಯೇಸುಸಭೆಯವರು, ಅಂದರೆ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದವರು, 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಶಾಲೆ ತೆರೆದ ಮೇಲೆ, ಅರ್ಧ ಶತಮಾನದ ಅನುಭವವನ್ನು ಒಟ್ಟುಮಾಡಿ 1599ರಲ್ಲಿ ತಮ್ಮ ಶಾಲೆಗಳಿಗೆಲ್ಲ ಅನ್ವಯಿಸುವ ಶಿಕ್ಷಣ ಕ್ರಮವೊಂದನ್ನು ಹೊರಡಿಸಿದರು. ಅದರಲ್ಲಿ ಕೆಳ ತರಗತಿಗಳ ಶಿಕ್ಷಕರಿಗೆ ಹೇಳಿರುವ ನಿಯಮಗಳಲ್ಲಿ ಇದೂ ಒಂದು: ವಿದ್ಯಾರ್ಥಿಗಳಿಗೆ ಪ್ರತಿಸ್ಪರ್ಧಿಗಳಿರಬೇಕು, ಒಬ್ಬನ ತಪ್ಪನ್ನು ಅವನ ಪ್ರತಿಸ್ಪರ್ಧಿ ತಿದ್ದಬೇಕು, ಅಥವಾ ಅವರೇ ಒಬ್ಬರನ್ನೊಬ್ಬರು ಪ್ರಶ್ನಿಸಬೇಕು. ಇಡೀ ತರಗತಿಯನ್ನು ಎರಡು ಪಾಳೆಯಗಳಾಗಿ ಒಡೆದು ಸ್ಪರ್ಧೆಗಿಳಿಸುವ ಪದ್ಧತಿಯೂ ಅಲ್ಲಿಂದಲೇ ಬಂದದ್ದು. ಇಷ್ಟೆಲ್ಲ ಪೈಪೋಟಿಯನ್ನು ವಿಧಿಸಿದ ಅದೇ ಕ್ರಮ ವಾರದಲ್ಲಿ ಬಿಡುವಿನ ದಿನವನ್ನೂ ವಿಧಿಸಿತ್ತು ಎಂಬುದನ್ನು, ಎಸ್ಸೆಸ್ಸೆಲ್ಸಿ ಹತ್ತಿರವಾಗುತ್ತಿದ್ದಂತೆ ಆಟದ ಪೀರಿಯಡನ್ನು ಗಣಿತಕ್ಕೆ ಎತ್ತಿಕೊಡಬೇಕೆಂದು ಕೇಳುವವರಿಗೆ ನಾನು ಆಗಾಗ ನೆನಪಿಸುವುದುಂಟು.

ಆ ಪರಂಪರೆ ನಮ್ಮ ಗುಡ್ಡೆಗೆ ಬಂದದ್ದು ಇಟಲಿಯ ಪಾದ್ರಿಗಳ ಮೂಲಕ. ಹದಿಮೂರನೆಯ ಲಿಯೋ ಪೋಪರು ಮಂಗಳೂರನ್ನು ಯೇಸುಸಭೆಗೆ ವಹಿಸಿದ ಮೇಲೆ ಅವರ ಮೊದಲ ತಂಡ 1878ರ ಡಿಸೆಂಬರ್ 31ರಂದು ಇಲ್ಲಿಗೆ ತಲುಪಿತು. 1880ರಲ್ಲಿ ಕಾಲೇಜು ಆರಂಭವಾಯಿತು. ಆ ಮೊದಲ ತಂಡದಲ್ಲಿದ್ದ ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಬಡವರಿಗೆ ಹೋಮಿಯೋಪಥಿ ಗುಳಿಗೆ ಕೊಡತೊಡಗಿದರು, ಅದು ಬೆಳೆದು ಕಂಕನಾಡಿಯ ಆಸ್ಪತ್ರೆಯಾಯಿತು. ನಮ್ಮ ಊರಿನವರು ಆ ಆಸ್ಪತ್ರೆಯನ್ನು ಬಲ್ಲಷ್ಟು ಅದರ ಹಿಂದಿನ ಮೇಷ್ಟ್ರನ್ನು ಬಲ್ಲವರಲ್ಲ. 2024ರಲ್ಲಿ ಸಂಸ್ಥೆ ಪರಿಗಣಿತ ವಿಶ್ವವಿದ್ಯಾನಿಲಯವಾಗಿದೆ. ಆದರೂ ಹಳಬರಾದ ನಮ್ಮ ಬಾಯಲ್ಲಿ ಅದು ‘ಅಲೋಶಿಯಸ್’ ಅಷ್ಟೆ.

ನಾನು ಕ್ಯಾಥೊಲಿಕನಲ್ಲ. ಕ್ರೈಸ್ತ ಹುಡುಗರು ಧರ್ಮೋಪದೇಶದ ಪಾಠಕ್ಕೆ ಹೋದಾಗ ನಮಗೆ ಮೋರಲ್ ಸೈನ್ಸ್ ಇರುತ್ತಿತ್ತು, ಪೀರಿಯಡು ಮುಗಿದ ಮೇಲೆ ಎರಡೂ ಗುಂಪಿನವರು ಅಂಗಳದಲ್ಲಿ ತುಳುವಿನಲ್ಲಿ ಬೈದಾಡಿಕೊಳ್ಳುತ್ತಿದ್ದೆವು. ಚಾಪೆಲ್‌ಗೆ ಮಾತ್ರ ನಾನು ಆಗಾಗ ಹೋಗುತ್ತಿದ್ದೆ, ಪ್ರಾರ್ಥನೆಗಿಂತ ಹೆಚ್ಚಾಗಿ ಛಾವಣಿ ನೋಡುವುದಕ್ಕೆ. ಬೆರ್ಗಮೊ ಬಳಿಯ ಸ್ಟೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದ ಬ್ರದರ್ ಆಂಟೋನಿಯೊ ಮೊಸ್ಕೆನಿ 1899ರಲ್ಲಿ ಆ ಚಿತ್ರಗಳನ್ನು ಆರಂಭಿಸಿದರು. ಗೋಡೆಗಳ ಮೇಲೆ ಫ್ರೆಸ್ಕೊ, ಛಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ಬಿಡಿಸಿ ಕೂರಿಸಿದ ಚಿತ್ರಗಳು. ಫ್ರೆಸ್ಕೊ ಎಂದರೆ ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಅಂದಿನ ದಿನಕ್ಕೆ ಎಷ್ಟು ಮುಗಿಸಬಲ್ಲೆನೋ ಅಷ್ಟಕ್ಕೇ ಗಾರೆ ಬಳಿಯಬೇಕು, ಒಣಗಿದ ಮೇಲೆ ತಿದ್ದಬೇಕೆಂದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಹಸಿ ಗಾರೆಯ ಈ ಮಾತು ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳ ಜೊತೆ ಕೆಲಸ ಮಾಡುವ ತರಬೇತುದಾರನಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಆಗುತ್ತದೆಯೋ ಇಲ್ಲವೋ. ಆ ವಯಸ್ಸಿನಲ್ಲಿ ಕಲಿತ ತಪ್ಪು ಓಟದ ಭಂಗಿಯನ್ನು ಹದಿನೆಂಟರಲ್ಲಿ ಕೆತ್ತಿ ತೆಗೆಯುವುದು ಬಲು ಕಷ್ಟ.

ಆ ಛಾವಣಿಯ ಚಿತ್ರಗಳಲ್ಲಿರುವುದು ಅಲೋಶಿಯಸ್ ಗೊನ್ಝಾಗನ ಬದುಕು. ಕಾಸ್ತಿಲ್ಯೋನೆಯ ಮಾರ್ಕ್ವಿಸನ ಹಿರಿಯ ಮಗ, ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದವನು, ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಆರೈಕೆಗೆ ಹೋಗಿ 1591ರ ಜೂನ್ 21ರಂದು ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡವನು. ಕ್ಯಾಥೊಲಿಕರು ಅವನನ್ನು ಯುವಜನರ ಪಾಲಕ ಸಂತನೆಂದು ಗೌರವಿಸುತ್ತಾರೆ. 2015ರಿಂದ ಅದೇ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವೂ ಆಗಿರುವುದರಿಂದ, ದೈಹಿಕ ಶಿಕ್ಷಣ ಶಿಕ್ಷಕನಾದ ನನಗೆ ಈಗ ಆ ದಿನ ಬಿಡುವೇ ಇರುವುದಿಲ್ಲ. ಹಳೆಯ ಶಾಲೆಯ ಹಬ್ಬಕ್ಕೆ ಹೋಗಲಾಗದ್ದಕ್ಕೆ ನನ್ನ ಬಳಿ ಸರಕಾರಿ ಕಾರಣವಿದೆ.

ಜೂನ್ ಎಂದರೆ ಕರಾವಳಿಯಲ್ಲಿ ಮಳೆ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ ಆದ್ದರಿಂದ, ತಾಲ್ಲೂಕು ಮಟ್ಟದ ಕೂಟಕ್ಕೆ ತಯಾರಾಗಬೇಕಾದ ತಿಂಗಳುಗಳಲ್ಲಿ ನಮ್ಮ ಮೈದಾನ ಕೆಂಪು ಕೆಸರು. ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಎಲ್ಲರನ್ನೂ ಒಬ್ಬನೇ ನೋಡಿಕೊಳ್ಳಲಾರೆನೆಂದು ಅರಿವಾದಾಗ ನನಗೆ ಹೊಳೆದದ್ದು ಆ ಬೆಂಚು. ಉದ್ದ ಜಿಗಿತದಲ್ಲಿ ಹೆಚ್ಚುಕಡಿಮೆ ಒಂದೇ ದೂರ ಹಾರುವ ಇಬ್ಬರನ್ನು ಜೋಡಿ ಮಾಡಿದೆ. ಒಬ್ಬ ಓಡುವಾಗ ಇನ್ನೊಬ್ಬ ಜಿಗಿತದ ಹಲಗೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿರಬೇಕು. ಹಲಗೆ ಇರುವುದು 20 ಸೆಂಟಿಮೀಟರ್ ಅಗಲ. ಅದರ ಮೇಲೆಯೇ ಪಾದ ಬೀಳಬೇಕೆಂಬ ಆತಂಕದಲ್ಲಿ ಹುಡುಗರು ಕೊನೆಯ ಎರಡು ಮೂರು ಹೆಜ್ಜೆಗಳನ್ನು ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ, ಓಡುವವನಿಗೆ ಅದು ತಿಳಿಯುವುದೇ ಇಲ್ಲ. ಪಕ್ಕದಲ್ಲಿ ಕೂತವನು ನೋಡಿ ಹೇಳಬೇಕು, ಪುಸ್ತಕದಲ್ಲಿ ಬರೆಯಬೇಕು. ಒದ್ದೆ ನೆಲದಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ಕಡಲ ಕಡೆಯಿಂದ ಗಾಳಿ ಎದುರಾದರೆ ಇನ್ನೂ ಚಿಕ್ಕದಾಗುತ್ತದೆ, ಆಗ ಓಟದ ಆರಂಭದ ಗುರುತನ್ನು ಮುಂದಕ್ಕೆ ತರಬೇಕಾಗುತ್ತದೆ. ಎಷ್ಟು ಪಾದ ಮುಂದಕ್ಕೆ ಎಂಬುದನ್ನು ಎದುರಾಳಿಯೇ ಅಳೆದುಕೊಡುತ್ತಾನೆ. ತಪ್ಪು ಅಳತೆ ಕೊಟ್ಟು ಕೆಡಿಸುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳಿದ್ದಾರೆ. ಇವನಿಗೆ ಅವನು ಬೇಕು, ಅವನಿಗೆ ಇವನು ಬೇಕು, ಮುಂದಿನ ಸರದಿಯಲ್ಲಿ ಅಳತೆಪಟ್ಟಿ ಇನ್ನೊಬ್ಬನ ಕೈಯಲ್ಲಿರುತ್ತದೆ ಎಂಬುದೇ ಅದಕ್ಕೆ ಉತ್ತರ.

ರಿಲೇಯಲ್ಲಿ ಈ ಪದ್ಧತಿ ಇನ್ನೂ ಚೆನ್ನಾಗಿ ಹೊಂದುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ 4x100 ಮೀಟರ್ ಓಟದಲ್ಲಿ ಬೇಟನ್ ಬದಲಿಸುವ ವಲಯ 20 ಮೀಟರ್ ಇತ್ತು, ಅದಕ್ಕೆ ಮುಂಚೆ ವೇಗ ಪಡೆಯಲು 10 ಮೀಟರ್ ಬೇರೆ. 2017ರ ಕೊನೆಯಲ್ಲಿ ಎರಡನ್ನೂ ಸೇರಿಸಿ 30 ಮೀಟರ್‌ನ ಒಂದೇ ವಲಯ ಮಾಡಲಾಯಿತು. ನಿಯಮ ಏನೇ ಆದರೂ ಹಿಂದಿನವನು ನೆಲದ ಮೇಲಿನ ಗುರುತನ್ನು ಮುಟ್ಟಿದ ಕ್ಷಣದಲ್ಲಿ ಮುಂದಿನವನು ಹಿಂತಿರುಗಿ ನೋಡದೆ ಓಡಬೇಕು, ಆ ಗುರುತು ಎಲ್ಲಿರಬೇಕೆಂಬುದು ಇಬ್ಬರ ವೇಗವನ್ನೂ ಅವಲಂಬಿಸಿದೆ. ಆದ್ದರಿಂದ ನೂರು ಮೀಟರ್ ಓಟದಲ್ಲಿ ಪರಸ್ಪರ ಎದುರಾಳಿಗಳಾದವರನ್ನೇ ನಾನು ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸುತ್ತೇನೆ. ತಿಂಗಳುಗಟ್ಟಲೆ ಸೋಲಿಸಲು ಹೆಣಗಿದವನ ವೇಗ ಎಷ್ಟೆಂಬುದು ಅವರಿಗೆ ನನ್ನ ಸ್ಟಾಪ್‌ವಾಚಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಈ ಕ್ರಮಕ್ಕೆ ಒಗ್ಗದ ಮಕ್ಕಳೂ ಇದ್ದಾರೆ. ಸದಾ ಎರಡನೆಯವನಾಗುವ ಹುಡುಗನಿಗೆ ಜೋಡಿ ಎಂಬುದು ದಿನದಿನದ ಅವಮಾನವಾಗಬಹುದು, ಅಂಥವನ ಜೋಡಿಯನ್ನು ತಡಮಾಡದೆ ಬದಲಿಸಬೇಕು. ಹದಿನಾರನೆಯ ಶತಮಾನದ ಶಿಕ್ಷಣ ಕ್ರಮದಲ್ಲಿ ಬಹುಮಾನಕ್ಕೂ ಗೆದ್ದವರ ಪದವಿಗಳಿಗೂ ಕೊಟ್ಟ ಮಹತ್ವ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಯೇಸುಸಭೆಯವರೂ ಅಲ್ಲಿಗೇ ನಿಂತಿಲ್ಲ. 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಅವರ ಮಹಾಶ್ರೇಷ್ಠರು, ಅಂದರೆ ಇಡೀ ಸಭೆಯ ಮುಖ್ಯಸ್ಥರು, ಆಗಿದ್ದ ಪೆದ್ರೊ ಅರೂಪೆ, ಇತರರಿಗಾಗಿ ಬದುಕುವ ಜನರನ್ನು ರೂಪಿಸುವುದೇ ಶಾಲೆಗಳ ಗುರಿಯಾಗಬೇಕೆಂದು ಹೇಳಿದರು. ಕೇಳುತ್ತ ಕುಳಿತಿದ್ದವರು ಹಳೆಯ ವಿದ್ಯಾರ್ಥಿಗಳು, ಅವರಲ್ಲಿ ಕೆಲವರಿಗೆ ಆ ಮಾತು ರುಚಿಸಲಿಲ್ಲ.

ಕೂಟಕ್ಕೆ ಕಳುಹಿಸಬಹುದಾದವರ ಸಂಖ್ಯೆಗೆ ಮಿತಿ ಇರುವುದರಿಂದ ಜೋಡಿಯಲ್ಲಿ ಒಬ್ಬ ಹೋಗಿ ಇನ್ನೊಬ್ಬ ಉಳಿಯಬೇಕಾಗುವುದು ಸಾಮಾನ್ಯ. ಉಳಿದವನನ್ನೂ ನಾನು ಬಸ್ಸು ಹತ್ತಿಸುತ್ತೇನೆ. ಪ್ರವೇಶ ಪತ್ರದಲ್ಲಿ ಅವನಿಗೆ ಕಾಲಂ ಇಲ್ಲ, ಕೊರಳಿಗೆ ಪದಕವೂ ಬೀಳುವುದಿಲ್ಲ. ಅವನ ಕೆಲಸ ಹಗ್ಗದ ಆಚೆ ನಿಂತು ಕೊನೆಯ ಹೆಜ್ಜೆಗಳನ್ನು ನೋಡಿ, ಗುರುತನ್ನು ಎಷ್ಟು ಸರಿಸಬೇಕೆಂದು ಬೆರಳಿನಲ್ಲಿ ತೋರಿಸುವುದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಓಡಿದವರು, ಹಾರಿದವರು ಇದ್ದರೆ ಯಾವುದಾದರೂ ಶನಿವಾರ ಬೆಳಿಗ್ಗೆ ಬಂದು ಈ ಜೋಡಿಗಳನ್ನು ನೋಡಬಹುದು. ಬರುವಾಗ ಉದ್ದದ ಅಳತೆಪಟ್ಟಿ ಒಂದನ್ನು ತಂದರೆ ಉಪಕಾರ. ನಮ್ಮಲ್ಲಿರುವುದು ಮಳೆಗೆ ಮೊದಲ ಮೀಟರಿನ ಅಂಕಿಗಳನ್ನೆಲ್ಲ ಕಳೆದುಕೊಂಡಿದೆ.