ತಪ್ಪು ಉತ್ತರವೂ ಬಾಯಿಬಿಡಬೇಕು: ಸ್ಥಾಯಿವಿದ್ಯುತ್ ಮತ್ತು ವಿದ್ಯುತ್ ಪ್ರವಾಹದ ಟೆಸ್ಟಿಗೆ ಅಂಕಿ ಆರಿಸುವ ಬಗೆ

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಮೊದಲ ಮೂರು ಅಧ್ಯಾಯಗಳಿಗೆ ಯುನಿಟ್ ಟೆಸ್ಟ್ ಪತ್ರಿಕೆ ತಯಾರಿಸುವಾಗ ಹೆಚ್ಚಿನವರು ಮಾಡುವುದು ಇಷ್ಟೇ: ಹಳೆಯ ಪತ್ರಿಕೆಯಿಂದ ಲೆಕ್ಕ ಎತ್ತಿಕೊಳ್ಳುವುದು, ಅಂಕಿ ಬದಲಾಯಿಸುವುದು. ಅದರಲ್ಲಿ ತಪ್ಪೇನಿಲ್ಲ. ಹೊಸ ಲೆಕ್ಕ ಹೆಣೆಯುತ್ತ ಕೂರಲು ಪುರುಸೊತ್ತು ಯಾರಿಗಿದೆ? ಆದರೆ ಅಂಕಿ ಬದಲಾಯಿಸುವ ಆ ಎರಡು ನಿಮಿಷದಲ್ಲೇ ಪ್ರಶ್ನೆ ಕೆಲಸಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗಿಬಿಡುತ್ತದೆ.

2 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು ಎಂದು ಕೇಳಿದಿರಿ ಅನ್ನಿ. ಉತ್ತರ 1 ಓಮ್. ಒಬ್ಬ ಹುಡುಗ 1/2 + 1/2 = 1 ಎಂದು ಬರೆದು, ಕೊನೆಗೆ ಅದನ್ನು ತಲೆಕೆಳಗು ಮಾಡಬೇಕೆಂಬುದನ್ನೇ ಮರೆತು, 1 ಓಮ್ ಎಂದು ಅಡಿಗೆರೆ ಎಳೆಯುತ್ತಾನೆ. ಅವನಿಗೂ ಪೂರ್ತಿ ಅಂಕ. ಅದೇ 3 ಓಮ್ ಮತ್ತು 6 ಓಮ್ ಕೊಟ್ಟು ನೋಡಿ. ಸರಿ ಉತ್ತರ 2. ತಲೆಕೆಳಗು ಮಾಡಲು ಮರೆತವನಿಗೆ 0.5. ಸರಣಿ ಎಂದುಕೊಂಡವನಿಗೆ 9. ಉತ್ತರದ ಸಾಲು ಕಂಡ ಕೂಡಲೇ ಯಾರು ಎಲ್ಲಿ ಎಡವಿದರು ಅನ್ನುವುದು ತಿಳಿಯುತ್ತದೆ, ಮೇಲಿನ ಹಂತಗಳನ್ನು ಓದಲೇಬೇಕೆಂದಿಲ್ಲ. ಹಾಗಾಗಿ ಪ್ರಶ್ನೆ ಬರೆದ ಮೇಲೆ ಸರಿ ಉತ್ತರವನ್ನಷ್ಟೇ ಲೆಕ್ಕ ಹಾಕಿ ಬಿಡಬಾರದು. ಮಕ್ಕಳು ಮಾಡುವ ಮೂರು ನಾಲ್ಕು ತಪ್ಪು ದಾರಿಗಳಲ್ಲಿ ನಾವೇ ನಡೆದು, ಪ್ರತಿ ದಾರಿಯೂ ಬೇರೆ ಬೇರೆ ಅಂಕಿಗೆ ತಲುಪುತ್ತದೆಯೇ ಎಂದು ನೋಡಬೇಕು.

ಕೂಲಂಬ್ ನಿಯಮಕ್ಕೆ ಒಂದು ಪ್ರಶ್ನೆ. ಒಂದೇ ಅಳತೆಯ ಎರಡು ಲೋಹದ ಗೋಳಗಳು, ಒಂದರ ಮೇಲೆ +6 ಮೈಕ್ರೋಕೂಲಂ, ಇನ್ನೊಂದರ ಮೇಲೆ −2 ಮೈಕ್ರೋಕೂಲಂ. ಮುಟ್ಟಿಸಿ ಮತ್ತೆ ಮೊದಲಿನ ದೂರಕ್ಕೇ ಒಯ್ದರೆ ಬಲ ಎಷ್ಟು ಪಾಲು ಆಗುತ್ತದೆ? ಮುಟ್ಟಿಸಿದ ಮೇಲೆ ಎರಡರಲ್ಲೂ +2. ಗುಣಲಬ್ಧ 12 ಇದ್ದದ್ದು 4 ಆಗಿ, ಬಲ ಮೂರನೇ ಒಂದಕ್ಕೆ ಇಳಿಯುತ್ತದೆ, ಆಕರ್ಷಣೆ ಇದ್ದದ್ದು ವಿಕರ್ಷಣೆ ಆಗುತ್ತದೆ. ಚಿಹ್ನೆ ಮರೆತವನು 6 ಮತ್ತು 2 ಕೂಡಿಸಿ ಎರಡರಲ್ಲೂ 4 ಎಂದು ಹಂಚಿ, ಬಲ ಮೂರನೇ ನಾಲ್ಕು ಪಾಲಿಗೆ ಏರಿತು ಅನ್ನುತ್ತಾನೆ. +4 ಮತ್ತು −4 ಕೊಟ್ಟರೆ ಪ್ರಶ್ನೆ ಸತ್ತಂತೆ: ಎರಡೂ ಸೊನ್ನೆ, ಮುಂದೆ ಹೇಳುವುದೇನೂ ಉಳಿಯುವುದಿಲ್ಲ. ಬಲದ ಪಾಲಿಗೆ ಒಂದು ಅಂಕ, ದಿಕ್ಕಿಗೆ ಪ್ರತ್ಯೇಕವಾಗಿ ಇನ್ನೊಂದು ಇಡಿ. ಇಲ್ಲವಾದರೆ ದಿಕ್ಕಿನ ಮಾತನ್ನು ಯಾರೂ ಬರೆಯುವುದಿಲ್ಲ.

ಮೊದಲೆರಡು ಅಧ್ಯಾಯಗಳ ಗಟ್ಟಿ ಪ್ರಶ್ನೆ ಎಂದರೆ ವಿದ್ಯುತ್ ಕ್ಷೇತ್ರ ಸೊನ್ನೆಯಾಗುವ ಬಿಂದು. ಇಲ್ಲಿ 4:1 ಪ್ರಮಾಣದ ಚಾರ್ಜ್ ಕೊಡುವುದು ರೂಢಿ, ವರ್ಗಮೂಲ ಸಲೀಸಾಗಿ ಬರುತ್ತದೆ ಅಂತ. ಆದರೆ +8 ಮತ್ತು −2 ಮೈಕ್ರೋಕೂಲಂ 30 ಸೆಂಟಿಮೀಟರ್ ದೂರದಲ್ಲಿದ್ದರೆ ಉತ್ತರವೂ −2 ಚಾರ್ಜಿನಿಂದ 30 ಸೆಂಟಿಮೀಟರ್ ಆಗುತ್ತದೆ. ದೂರ ಎಷ್ಟೇ ಕೊಡಿ, 4:1 ಇರುವ ತನಕ ಉತ್ತರ ಅದೇ ದೂರ. ಏನೂ ತೋಚದೆ ಪ್ರಶ್ನೆಯಲ್ಲಿದ್ದ ಅಂಕಿಯನ್ನೇ ಬರೆದಿಟ್ಟವನೂ ಗೆದ್ದ. ಅದರ ಬದಲು +9 ಮತ್ತು −1 ಮೈಕ್ರೋಕೂಲಂ, ನಡುವೆ 40 ಸೆಂಟಿಮೀಟರ್ ಕೊಡಿ, ದೂರವನ್ನು −1 ಚಾರ್ಜಿನಿಂದ ಅಳೆಯಲು ಹೇಳಿ. ಸರಿ ಉತ್ತರ 20 ಸೆಂಟಿಮೀಟರ್, ಅದೂ ಹೊರಬದಿಗೆ. ಉತ್ತರ 10 ಬಂದಿದ್ದರೆ ವಿದ್ಯಾರ್ಥಿ ಬಿಂದುವನ್ನು ಎರಡು ಚಾರ್ಜುಗಳ ನಡುವೆ ಇಟ್ಟಿದ್ದಾನೆ. ಪರಿಮಾಣ ಸಮವಾಗಿದೆ ನಿಜ, ಆದರೆ ಅಲ್ಲಿ ಎರಡೂ ಕ್ಷೇತ್ರ ಒಂದೇ ದಿಕ್ಕಿಗಿವೆ ಅನ್ನುವುದು ಅವನಿಗೆ ಹೊಳೆದಿಲ್ಲ. ಉತ್ತರ 4 ಅಥವಾ 5 ಬಂದಿದ್ದರೆ ಕ್ಷೇತ್ರದ ಬದಲು ವಿಭವ ಸೊನ್ನೆಯಾಗುವ ಬಿಂದು ಹುಡುಕಿದ್ದಾನೆ (ಒಳಗೆ 4, ಹೊರಗೆ 5). ಮೊದಲ ತಪ್ಪಿಗೆ ಸದಿಶದ ಪಾಠ ಬೇಕು. ಎರಡನೆಯದಕ್ಕೆ ಕ್ಷೇತ್ರ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ವಿಭವ ಬರೀ ದೂರಕ್ಕೆ ತಕ್ಕಂತೆ ಇಳಿಯುತ್ತದೆ ಅನ್ನುವುದನ್ನು ಮತ್ತೆ ಹೇಳಬೇಕು. ಇಬ್ಬರಿಗೂ ಒಂದೇ ಕೆಂಪು ಗೆರೆ ಎಳೆದು ಸೊನ್ನೆ ಕೊಟ್ಟರೆ ಈ ವ್ಯತ್ಯಾಸ ಅಲ್ಲೇ ಮಣ್ಣುಪಾಲು.

ಸೂತ್ರ ನಿರೂಪಣೆಗಳ ಕಥೆ ಬೇರೆ. ಡೈಪೋಲ್ (ಸಮಾನ ಧನ, ಋಣ ಚಾರ್ಜುಗಳ ಜೋಡಿ) ಅಕ್ಷದ ಮೇಲಿನ ಕ್ಷೇತ್ರವನ್ನು ಐದು ಅಂಕಕ್ಕೆ ಕೇಳಿದರೆ ಕಂಠಪಾಠ ಮಾಡಿದವರೆಲ್ಲ ಐದಕ್ಕೆ ಐದು. ವಾರ್ಷಿಕ ಪರೀಕ್ಷೆಗೆ ಆ ಅಭ್ಯಾಸ ಬೇಕು, ಅದನ್ನು ತೆಗೆದುಹಾಕಿ ಎನ್ನುತ್ತಿಲ್ಲ. ಟೆಸ್ಟಿನಲ್ಲಿ ಅದರ ಬಾಲಕ್ಕೆ ಎರಡು ಅಂಕದ ಪ್ರಶ್ನೆಯೊಂದನ್ನು ಕಟ್ಟಿ: ದೂರದ ಘನಕ್ಕೆ ವಿಲೋಮವಾಗಿರುವ ಅಂದಾಜು ಸೂತ್ರವನ್ನು ಯಾವ ಹಂತದಲ್ಲಿ, ಏನನ್ನು ಕೈಬಿಟ್ಟು ಪಡೆದಿರಿ? ಬಿಂದುವಿನ ದೂರ ಡೈಪೋಲ್‌ನ ಅರ್ಧ ಉದ್ದದ ಎರಡೇ ಪಟ್ಟು ಇದ್ದರೆ ಅದು ನಡೆಯುತ್ತದೆಯೇ? ಲೆಕ್ಕ ಹಾಕಿದರೆ ಎರಡು ಪಟ್ಟಿನಲ್ಲಿ ಅಂದಾಜು ಸೂತ್ರ ನಿಜ ಬೆಲೆಯ ಸುಮಾರು ಶೇಕಡಾ 56 ಮಾತ್ರ ಕೊಡುತ್ತದೆ. ಹತ್ತು ಪಟ್ಟಿಗೆ ಹೋದರೆ ವ್ಯತ್ಯಾಸ ಶೇಕಡಾ 2. ಗೌಸ್ ನಿಯಮಕ್ಕೆ ಒಂದೇ ಪ್ರಶ್ನೆ ಸಾಕು: ಚಾರ್ಜ್ ಮುಚ್ಚಿದ ಮೇಲ್ಮೈಯ ಹೊರಗಿದೆ, ಒಟ್ಟು ಫ್ಲಕ್ಸ್ (ಮೇಲ್ಮೈಯನ್ನು ಹಾದುಹೋಗುವ ಕ್ಷೇತ್ರದ ಮೊತ್ತ) ಎಷ್ಟು, ಮೇಲ್ಮೈ ಮೇಲಿನ ಕ್ಷೇತ್ರ ಎಷ್ಟು? ಫ್ಲಕ್ಸ್ ಸೊನ್ನೆ ಎಂದು ಎಲ್ಲರೂ ಬರೆಯುತ್ತಾರೆ. ಕ್ಷೇತ್ರವನ್ನೂ ಸೊನ್ನೆ ಮಾಡಿಬಿಡುವವರನ್ನು ಎಣಿಸಿಕೊಳ್ಳಿ.

ಧಾರಕಗಳಲ್ಲಿ ಮಕ್ಕಳು ಸೋಲುವುದು ಸೂತ್ರದಲ್ಲಲ್ಲ, ಯಾವುದು ಬದಲಾಗದೆ ನಿಂತಿದೆ ಎಂಬಲ್ಲಿ. ಆದ್ದರಿಂದ ಒಂದೇ ಧಾರಕವನ್ನು ಎರಡು ಸ್ಥಿತಿಯಲ್ಲಿ ಕೇಳಿ. 10 ಮೈಕ್ರೋಫ್ಯಾರಡ್ ಧಾರಕ, 60 ವೋಲ್ಟ್ ಬ್ಯಾಟರಿ. ಚಾರ್ಜ್ 600 ಮೈಕ್ರೋಕೂಲಂ, ಶಕ್ತಿ 18 ಮಿಲಿಜೂಲ್. ಫಲಕಗಳ ನಡುವೆ ಡೈಎಲೆಕ್ಟ್ರಿಕ್ (ಅವಾಹಕ) ಸ್ಥಿರಾಂಕ 3 ಇರುವ ಹಾಳೆ ತೂರಿಸುತ್ತೇವೆ. ಬ್ಯಾಟರಿ ಜೋಡಿಸಿಯೇ ಇದ್ದರೆ ವಿಭವಾಂತರ 60ಕ್ಕೇ ನಿಲ್ಲುತ್ತದೆ, ಚಾರ್ಜ್ 1800 ಆಗುತ್ತದೆ, ಶಕ್ತಿ 54 ಮಿಲಿಜೂಲ್‌ಗೆ ಏರುತ್ತದೆ. ಬ್ಯಾಟರಿ ಬಿಚ್ಚಿದ ಮೇಲೆ ತೂರಿಸಿದರೆ ಚಾರ್ಜ್ 600ಕ್ಕೇ ನಿಲ್ಲುತ್ತದೆ, ವಿಭವಾಂತರ 20 ವೋಲ್ಟ್, ಶಕ್ತಿ 6 ಮಿಲಿಜೂಲ್. ಎರಡಕ್ಕೂ 54 ಎಂದು ಬರೆದವರು "ಧಾರಕತೆ ಹೆಚ್ಚಿದರೆ ಶಕ್ತಿ ಹೆಚ್ಚು" ಎಂದಷ್ಟೇ ಬಲ್ಲವರು. ಉಳಿದ 12 ಮಿಲಿಜೂಲ್ ಎಲ್ಲಿ ಹೋಯಿತು ಎಂದು ಕೇಳಲು ಮನಸ್ಸಾಗುತ್ತದೆ. ಹಾಳೆಯನ್ನು ಕ್ಷೇತ್ರವೇ ಒಳಗೆ ಎಳೆದುಕೊಳ್ಳುವ ಕೆಲಸಕ್ಕೆ ಹೋಯಿತು. ಅದನ್ನು ಟೆಸ್ಟಿಗಿಂತ ತರಗತಿಯ ಚರ್ಚೆಗೆ ಇಟ್ಟುಕೊಳ್ಳುವುದು ಮೇಲು.

ಚಾರ್ಜ್ ಹಂಚಿಕೆಯ ಲೆಕ್ಕದಲ್ಲಿ ಸಮಾನ ಧಾರಕ ಕೊಡಬೇಡಿ, ಅಲ್ಲಿ ಎಲ್ಲವೂ ಅರ್ಧ ಅರ್ಧ, ಊಹಿಸಿದರೂ ಸರಿಹೋಗುತ್ತದೆ. 90 ವೋಲ್ಟಿಗೆ ಚಾರ್ಜ್ ಮಾಡಿದ 2 ಮೈಕ್ರೋಫ್ಯಾರಡ್ ಧಾರಕವನ್ನು ಖಾಲಿ ಇರುವ 4 ಮೈಕ್ರೋಫ್ಯಾರಡ್‌ಗೆ ಜೋಡಿಸಿ. ವಿಭವಾಂತರ 30 ವೋಲ್ಟ್, ಶಕ್ತಿ 8.1ರಿಂದ 2.7 ಮಿಲಿಜೂಲ್‌ಗೆ. ಸುಮಾರು 52 ವೋಲ್ಟ್ ಎಂದು ಯಾರಾದರೂ ಬರೆದಿದ್ದರೆ ಅವರು ಚಾರ್ಜ್ ಬದಲು ಶಕ್ತಿಯನ್ನು ಸಂರಕ್ಷಿಸಿದ್ದಾರೆ. ತಪ್ಪೇ, ಆದರೆ ಯೋಚಿಸಿ ಮಾಡಿದ ತಪ್ಪು. ಅವರನ್ನು ಕರೆದು ತಂತಿ ಬಿಸಿಯಾಗುವ ವಿಷಯ ಮಾತಾಡಿದರೆ ಐದು ನಿಮಿಷದಲ್ಲಿ ದಾರಿಗೆ ಬರುತ್ತಾರೆ.

ವಿದ್ಯುತ್ ಪ್ರವಾಹದ ಅಧ್ಯಾಯಕ್ಕೆ ಬಂದರೆ, ಲೆಕ್ಕಕ್ಕಿಂತ ಹೆಚ್ಚು ಹೇಳುವುದು ಮೂರು ಬಲ್ಬಿನ ಪ್ರಶ್ನೆ. ಒಂದೇ ಬಗೆಯ ಮೂರು ಬಲ್ಬು: ಅ ಸರಣಿಯಲ್ಲಿ, ಅದರ ಮುಂದೆ ಬ ಮತ್ತು ಕ ಪರಸ್ಪರ ಸಮಾಂತರ. ಕ ಬಲ್ಬನ್ನು ಹೋಲ್ಡರಿನಿಂದ ತಿರುಗಿಸಿ ತೆಗೆದರೆ ಅ ಮತ್ತು ಬ ಏನಾಗುತ್ತವೆ? ಮೊದಲು ಅ ಬಲ್ಬಿಗೆ ಬ್ಯಾಟರಿಯ ಮೂರನೇ ಎರಡು ಪಾಲು ವೋಲ್ಟ್, ಬ ಮತ್ತು ಕ ಎರಡಕ್ಕೂ ಮೂರನೇ ಒಂದು. ತೆಗೆದ ಮೇಲೆ ಅ, ಬ ಎರಡಕ್ಕೂ ಅರ್ಧರ್ಧ. ಅ ಮಂಕಾಗುತ್ತದೆ, ಬ ಪ್ರಖರವಾಗುತ್ತದೆ. "ಅ ಹಾಗೇ ಇರುತ್ತದೆ, ಬ ಜೋರಾಗುತ್ತದೆ" ಎಂದವರು ಬ್ಯಾಟರಿ ಯಾವಾಗಲೂ ಒಂದೇ ಪ್ರವಾಹ ಕೊಡುತ್ತದೆ ಎಂದು ನಂಬಿದ್ದಾರೆ. "ಏನೂ ಬದಲಾಗದು" ಎಂದವರು ಮಂಡಲದ ಒಂದು ಮೂಲೆಯನ್ನಷ್ಟೇ ನೋಡಿದ್ದಾರೆ. ಅ ಹತ್ತಿರವಿರುವುದರಿಂದ ಹೆಚ್ಚು ಪ್ರವಾಹ "ತಿಂದುಬಿಡುತ್ತದೆ" ಎಂದು ಬರೆಯುವವರೂ ಸಿಗುತ್ತಾರೆ, ಕಿರ್ಚಾಫ್ ನಿಯಮ ಬಳಸಿ ಮಂಡಲದ ಪ್ರವಾಹ ಕಂಡುಹಿಡಿಯುವ ಲೆಕ್ಕದಲ್ಲಿ ಪೂರ್ತಿ ಅಂಕ ಪಡೆದವರಲ್ಲೂ. ಉತ್ತರಕ್ಕೆ ಒಂದು ಅಂಕ, ಕಾರಣಕ್ಕೆ ಎರಡು. ಉತ್ತರಪತ್ರಿಕೆ ಹಿಂದಿರುಗಿಸುವ ದಿನ ಮಾಡಿ ತೋರಿಸಲು ಮೂರು ಸೆಲ್ಲಿನ ಟಾರ್ಚಿಗೆ ಹಾಕುವ 3.8 ವೋಲ್ಟಿನ ಬಲ್ಬು ಮೂರು, ಒಂದೂವರೆ ವೋಲ್ಟಿನ ಸೆಲ್ಲು ಮೂರು ಸಾಕು. ಎಲ್‌ಇಡಿ ಬಲ್ಬು ತರಬೇಡಿ, ಅದು ಓಮ್ ನಿಯಮಕ್ಕೆ ಬಗ್ಗುವುದಿಲ್ಲ. ಟಾರ್ಚ್ ಬಲ್ಬಿನ ತಂತಿಯೂ ಬಿಸಿಯಾದಂತೆ ರೋಧ ಹೆಚ್ಚಿಸಿಕೊಳ್ಳುವುದರಿಂದ ವೋಲ್ಟ್‌ಮೀಟರ್ ಮೂರನೇ ಎರಡು ಪಾಲು ಎಂದು ಕರಾರುವಾಕ್ಕಾಗಿ ತೋರಿಸದು. ಆದರೆ ಯಾವುದು ಮಂಕು, ಯಾವುದು ಪ್ರಖರ ಎನ್ನುವುದು ಬದಲಾಗುವುದಿಲ್ಲ.

ಕಿರ್ಚಾಫ್ ಲೆಕ್ಕದಲ್ಲಿ ಒಂದು ಪ್ರವಾಹವಾದರೂ ಋಣ ಬರುವಂತೆ ನೋಡಿಕೊಳ್ಳಿ. 12 ವೋಲ್ಟ್, ಆಂತರಿಕ ರೋಧ 2 ಓಮ್ ಇರುವ ಒಂದು ಬ್ಯಾಟರಿ. 6 ವೋಲ್ಟ್, 1 ಓಮ್ ಇರುವ ಇನ್ನೊಂದು. ಎರಡರ ಧನಾಗ್ರಗಳೂ ಒಂದೇ ಕಡೆ, ಅಡ್ಡಲಾಗಿ 10 ಓಮ್ ರೋಧಕ. ರೋಧಕದ ತುದಿಗಳಲ್ಲಿ 7.5 ವೋಲ್ಟ್, ಅದರ ಮೂಲಕ 0.75 ಆಂಪಿಯರ್. ದೊಡ್ಡ ಬ್ಯಾಟರಿಯಿಂದ 2.25 ಆಂಪಿಯರ್ ಹೊರಡುತ್ತದೆ, ಚಿಕ್ಕದಕ್ಕೆ 1.5 ಆಂಪಿಯರ್ ಒಳಗೇ ಹೋಗುತ್ತದೆ. −1.5 ಬಂದದ್ದೇ ಗಾಬರಿಯಾಗಿ ಚಿಹ್ನೆ ಹೊಡೆದುಹಾಕುವವರು ಬಹಳ. "ಚಿಕ್ಕ ಬ್ಯಾಟರಿಗೆ ಏನಾಗುತ್ತಿದೆ?" ಎಂಬ ಉಪಪ್ರಶ್ನೆ ಅದಕ್ಕೇ, ಅದು ಚಾರ್ಜ್ ಆಗುತ್ತಿದೆ. ಈ ಅಂಕಿಗಳಲ್ಲಿ ಇನ್ನೊಂದು ಅನುಕೂಲವಿದೆ: ಯಾರಾದರೂ 6 ವೋಲ್ಟಿನ ಚಿಹ್ನೆ ತಿರುಗಿಸಿ ಬರೆದಿದ್ದರೆ ರೋಧಕದ ಪ್ರವಾಹ ಸೊನ್ನೆ ಬರುತ್ತದೆ. ಸೊನ್ನೆ ಕಂಡರೆ ತಪ್ಪು ಎಲ್ಲಿದೆ ಎಂದು ಹುಡುಕಬೇಕಿಲ್ಲ.

ಡ್ರಿಫ್ಟ್ ವೇಗಕ್ಕೆ (ತಂತಿಯಲ್ಲಿ ಎಲೆಕ್ಟ್ರಾನ್‌ಗಳು ಸರಾಸರಿ ಸರಿಯುವ ವೇಗ) 1 ಚದರ ಮಿಲಿಮೀಟರ್ ತಾಮ್ರದ ತಂತಿ, ಪ್ರತಿ ಘನ ಮೀಟರಿಗೆ 8.5 × 10²⁸ ಎಲೆಕ್ಟ್ರಾನ್, ಪ್ರವಾಹ 1.36 ಆಂಪಿಯರ್ ಕೊಡಿ. 8.5ನ್ನು 1.6ರಿಂದ ಗುಣಿಸಿದರೆ 13.6, ಹಾಗಾಗಿ ಉತ್ತರ ಸೆಕೆಂಡಿಗೆ ಸರಿಯಾಗಿ 10⁻⁴ ಮೀಟರ್. ಗುಣಾಕಾರದ ಗೋಜಿಲ್ಲ, ಘಾತ ಮಾತ್ರ ಪರೀಕ್ಷೆಗೆ ಬೀಳುತ್ತದೆ. 10⁻⁷ ಬಂದಿದ್ದರೆ ಚದರ ಮಿಲಿಮೀಟರನ್ನು 10⁻³ ಎಂದು ಬದಲಾಯಿಸಿದ್ದಾರೆ.

ಬಹು ಆಯ್ಕೆಯ ಪ್ರಶ್ನೆಗಳಿಗೂ ಇದೇ ಮಾತು: ತಪ್ಪು ಆಯ್ಕೆಗಳನ್ನು ಮೇಲಿನಂಥ ತಪ್ಪು ದಾರಿಗಳಿಂದಲೇ ತೆಗೆದುಕೊಳ್ಳಿ, ಸುಮ್ಮನೆ ಬಾಯಿಗೆ ಬಂದ ಅಂಕಿ ತುಂಬಬೇಡಿ. ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 80 ನಿಮಿಷ, 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಗೊತ್ತಿಲ್ಲದಿದ್ದರೂ ಗುರುತು ಹಾಕುವುದು ಮಕ್ಕಳಿಗೆ ರೂಢಿಯಾಗಿರುತ್ತದೆ. ಅಲ್ಲಿ ಅದು ಜಾಣತನವೇ. ಯುನಿಟ್ ಟೆಸ್ಟಿನಲ್ಲಿ ಮಾತ್ರ ಆಯ್ಕೆಯ ಪಕ್ಕ ಒಂದು ಸಾಲು ಕಾರಣ ಬರೆಯಲು ಜಾಗ ಬಿಟ್ಟು, ಅಂಕವನ್ನು ಅದಕ್ಕೇ ಕೊಡಿ. ಪ್ರಶ್ನೆ ಹದಿನೈದರ ಬದಲು ಆರಾದರೂ ನಷ್ಟವಿಲ್ಲ.

ಮೀಟರ್ ಬ್ರಿಡ್ಜ್ (ವೀಟ್‌ಸ್ಟನ್ ಬ್ರಿಡ್ಜ್ ತತ್ವದ ಮೇಲೆ, ಒಂದು ಮೀಟರ್ ತಂತಿಯಿಂದ ಗೊತ್ತಿಲ್ಲದ ರೋಧ ಅಳೆಯುವ ಸಾಧನ) ಎನ್‌ಸಿಇಆರ್‌ಟಿಯ ಪರಿಷ್ಕೃತ ಪಠ್ಯದಿಂದ ಹೊರಗೆ ಹೋಗಿದೆ, ಲ್ಯಾಬಿನಲ್ಲಿ ಉಳಿದಿದೆ. ಪ್ರಾಯೋಗಿಕಕ್ಕೆ 30 ಅಂಕ ಇರುವಾಗ ಅದನ್ನೂ ಪರೀಕ್ಷಿಸಬೇಕಲ್ಲ. ಇಲ್ಲೂ ಅಂಕಿಯದೇ ಆಟ: ಸಮತೋಲನ ಬಿಂದು (ಗ್ಯಾಲ್ವನೋಮೀಟರ್ ಸೊನ್ನೆ ತೋರಿಸುವ ಜಾಗ) ತಂತಿಯ ನಡುವೆ ಬಂದಷ್ಟೂ ಫಲಿತಾಂಶ ನಿಖರ, ಆದರೆ ಸರಿಯಾಗಿ 50 ಸೆಂಟಿಮೀಟರಿಗೆ ಬಂದರೆ ಸೂತ್ರ ತಿರುವುಮುರುವು ಮಾಡಿದವನ ಉತ್ತರವೂ ಸರಿಯೇ. ಎಡಗಡೆ ಗೊತ್ತಿರುವ 4 ಓಮ್, ಬಲಗಡೆ ಕಂಡುಹಿಡಿಯಬೇಕಾದ 6 ಓಮ್ ಸುರುಳಿ ಇಟ್ಟರೆ ಬಿಂದು 40ರ ಆಸುಪಾಸು ಬರುತ್ತದೆ. ಸೂತ್ರ ತಿರುಗಿಸಿದವನಿಗೆ 2.67 ಸಿಗುತ್ತದೆ. ಎರಡೂ ಕೆಲಸ ಒಟ್ಟಿಗೆ ಆಯಿತು.

ರೀಡಿಂಗ್ ತೆಗೆಯುವುದಕ್ಕಿಂತ ದೋಷ ಹುಡುಕಲು ಹೇಳುವುದು ಒಳ್ಳೆಯ ಪರೀಕ್ಷೆ. ಬ್ರಿಡ್ಜ್ ಜೋಡಿಸಿಯೇ ಕೊಡಿ, ಆದರೆ ಬಲಗಡೆಯ ಸುರುಳಿಯ ತಂತಿಯನ್ನು ಹೊದಿಕೆ ಕೆರೆಯದೆ ತಿರುಪಿನ ಕೆಳಗೆ ಸಿಕ್ಕಿಸಿಡಿ. ಕಣ್ಣಿಗೆ ಎಲ್ಲ ಸರಿಯಾಗಿದೆ, ಆದರೆ ಜಾಕಿಯನ್ನು (ತಂತಿಗೆ ಮುಟ್ಟಿಸುವ ಲೋಹದ ಮೊನೆ) ಎಲ್ಲಿ ಮುಟ್ಟಿಸಿದರೂ ಗ್ಯಾಲ್ವನೋಮೀಟರ್ ಮುಳ್ಳು ಒಂದೇ ಬದಿಗೆ ಓಡುತ್ತದೆ. ಬ್ರಿಡ್ಜಿನ ಒಂದು ಕವಲಿನಲ್ಲಿ ಸಂಪರ್ಕ ಕಡಿದಿದೆ ಎಂದು ಅರ್ಥ. ಮುಳ್ಳು ಅಲುಗದೇ ಇದ್ದರೆ ಕಡಿದಿರುವುದು ಬ್ಯಾಟರಿ ದಾರಿಯೋ ಗ್ಯಾಲ್ವನೋಮೀಟರ್ ದಾರಿಯೋ. ತಂತಿಯ ಎರಡು ತುದಿಗೆ ವೋಲ್ಟ್‌ಮೀಟರ್ ಹಿಡಿದರೆ ಯಾವುದೆಂದು ಗೊತ್ತಾಗುತ್ತದೆ. ಇದನ್ನು ಹತ್ತು ನಿಮಿಷದಲ್ಲಿ ಹಿಡಿಯುವ ಹುಡುಗಿ ವೀಟ್‌ಸ್ಟನ್ ಬ್ರಿಡ್ಜಿನ ನಿರೂಪಣೆಯಲ್ಲಿ ಒಂದು ಸಾಲು ಬಿಟ್ಟಿದ್ದರೂ ಅವಳಿಗೆ ವಿಷಯ ಗೊತ್ತಿದೆ ಎಂದೇ ಲೆಕ್ಕ. ಜಾಕಿಯನ್ನು ತಂತಿಯ ಮೇಲೆ ಎಳೆದಾಡುವವರಿಗೆ, ಪ್ಲಗ್ ಕೀ ಹಾಕಿಯೇ ಬಿಟ್ಟು ತಂತಿ ಬಿಸಿ ಮಾಡುವವರಿಗೆ ಅರ್ಧ ಅಂಕ ಕಡಿತ ಎಂದು ಮೊದಲೇ ಹೇಳಿಬಿಡಿ. ಎಳೆದ ಕಡೆ ತಂತಿ ಸವೆದು ದಪ್ಪ ಏಕರೂಪವಾಗಿ ಉಳಿಯುವುದಿಲ್ಲ, ಮುಂದಿನ ಬ್ಯಾಚಿನ ರೀಡಿಂಗೂ ಕೆಡುತ್ತದೆ.

ಮೌಲ್ಯಮಾಪನದಲ್ಲಿ ಸೂತ್ರಕ್ಕೊಂದು, ಬೆಲೆ ತುಂಬಿದ್ದಕ್ಕೊಂದು, ಏಕಮಾನ ಸಮೇತ ಉತ್ತರಕ್ಕೊಂದು ಎನ್ನುವ ಪದ್ಧತಿ ಇರಲಿ. ಜೊತೆಗೆ ಅಂಚಿನಲ್ಲಿ ಒಂದಕ್ಷರದ ಗುರುತು ಹಾಕಿ: ಚಿಹ್ನೆ ತಪ್ಪಿದ್ದರೆ "ಚಿ", ಘಾತ ತಪ್ಪಿದ್ದರೆ "ಘಾ", ಕ್ಷೇತ್ರ ಮತ್ತು ವಿಭವ ಬೆರೆತಿದ್ದರೆ "ವಿ", ಯಾವುದು ಸ್ಥಿರ ಎಂಬಲ್ಲಿ ಎಡವಿದ್ದರೆ "ಸ್ಥಿ". ಮೊದಲ ಭಾಗದ ತಪ್ಪು ಅಂಕಿಯನ್ನೇ ಹಿಡಿದು ಎರಡನೇ ಭಾಗವನ್ನು ಸರಿಯಾಗಿ ಮಾಡಿದ್ದರೆ ಎರಡನೆಯದಕ್ಕೆ ಪೂರ್ತಿ ಅಂಕ ಕೊಡಿ, ಒಂದೇ ತಪ್ಪಿಗೆ ಎರಡು ಸಲ ದಂಡ ಬೇಡ. ಅಂಕಪಟ್ಟಿಯ ರಿಜಿಸ್ಟರಿನಲ್ಲಿ ಅಂಕದ ಪಕ್ಕ ಈ ಅಕ್ಷರಗಳನ್ನೂ ಇಳಿಸಿಕೊಂಡರೆ, ಮರುದಿನ ಯಾವ ಬೆಂಚಿನವರನ್ನು ಕೂರಿಸಿಕೊಂಡು ಏನು ಮತ್ತೆ ಹೇಳಬೇಕು ಎಂದು ಯೋಚಿಸುತ್ತ ಕೂರಬೇಕಿಲ್ಲ. "ಘಾ" ಮಾತ್ರ ಇರುವವರಿಗೆ ಪಾಠ ಬೇಡ, ಐದು ಏಕಮಾನ ಬದಲಾವಣೆಯ ಲೆಕ್ಕ ಕೊಟ್ಟು ಕಳಿಸಿ.